ಬ್ಯಾಣದಲ್ಲಿ ಮಟ್ಟಿ ಏಳಲಿ

ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳ ಗ್ರಾಮ ಅರಣ್ಯ ಸಮಿತಿಗಳ ಅಧ್ಯಕ್ಷರಿಗೂ ಸದಸ್ಯರಿಗೂ, ಸೊಪ್ಪಿನಬೆಟ್ಟದ ಹಕ್ಕುಳ್ಳ ಎಲ್ಲ ತೋಟಿಗರಿಗೂ,

ಮುಂಗಾರು ಹತ್ತಿರವಾದಂತೆ ನಿಮ್ಮ ಸಮಿತಿಯ ಸಭೆಗಳಲ್ಲಿ ಏಳುವ ಮೊದಲ ಪ್ರಶ್ನೆ, ಈ ವರ್ಷ ಎಷ್ಟು ಸಸಿ ಬರುತ್ತದೆ, ಯಾವ ಗುಡ್ಡದಲ್ಲಿ ಗುಂಡಿ ತೆಗೆಯೋಣ ಎಂಬುದು. ಊರ ಹಿಂದಿನ ಬ್ಯಾಣ, ಅರ್ಧ ಬೋಳಾದ ಬೆಟ್ಟ, ಗೋಮಾಳದ ಇಳಿಜಾರು, ಹೀಗೆ ದೂರದಿಂದ ಬರಿಯ ಹುಲ್ಲು ಕಾಣುವ ಜಾಗವೆಲ್ಲ ಖಾಲಿ ಜಾಗವೆಂಬ ಎಣಿಕೆ ಈ ಪ್ರಶ್ನೆಯ ಹಿಂದಿದೆ. ಆ ಎಣಿಕೆ ತಪ್ಪು ಎಂದು ಹೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ಮಲೆನಾಡಿನ ಬಹಳಷ್ಟು ಬ್ಯಾಣಗಳಲ್ಲಿ ಕಾಡಿನ ಬೇರು ಇನ್ನೂ ನೆಲದೊಳಗೆ ಜೀವಂತವಾಗಿದೆ. ಪಕ್ಕದ ಕಾನಿನಿಂದ, ಅಂದರೆ ದಟ್ಟ ನಿತ್ಯಹರಿದ್ವರ್ಣ ಕಾಡಿನಿಂದ, ಬೀಜ ಹೊತ್ತು ತರುವ ಹಕ್ಕಿಗಳೂ ಇನ್ನೂ ಉಳಿದಿವೆ. ಅಂಥ ಕಡೆ ಬೆಂಕಿ, ಗೊರಸು, ಕತ್ತಿ ಈ ಮೂರನ್ನು ಕೆಲವು ವರ್ಷ ಹೊರಗಿಟ್ಟು, ಮಟ್ಟಿ, ಅಂದರೆ ಕಾಡುಪೊದೆ, ಏಳಲು ಬಿಟ್ಟರೆ ಸಾಕು. ಮರ ಅದರ ಬೆನ್ನಿಗೇ ಬರುತ್ತದೆ. ನೆಡುವ ಕೆಲಸ ಬೇಕಾದರೆ ಆಮೇಲೆ, ಬೇಕಾದಷ್ಟೇ.

ಈ ಗುಡ್ಡಗಳು ಹುಲ್ಲಾದದ್ದು ಹೇಗೆಂದು ಮೊದಲು ನೋಡೋಣ. ಶಿರಸಿ, ಸಿದ್ದಾಪುರ, ಹೊಸನಗರದಂಥ ಸೀಮೆಯಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಇಷ್ಟು ಮಳೆ ಬೀಳುವ, ಮಣ್ಣು ಆಳವಾಗಿರುವ ಇಳಿಜಾರನ್ನು ಅದರ ಪಾಡಿಗೆ ಬಿಟ್ಟರೆ ಅದು ಕಾಡಾಗುತ್ತದೆಯೇ ಹೊರತು ಹುಲ್ಲಾಗಿ ಉಳಿಯುವುದಿಲ್ಲ. ಹುಲ್ಲಾಗಿ ಉಳಿದಿದ್ದರೆ ಅದಕ್ಕೆ ಮನುಷ್ಯನ ಕೈ ಕಾರಣ. ಶತಮಾನಗಳ ಕಾಲ ಇಲ್ಲಿ ಕುಮರಿ ನಡೆಯಿತು. ಕಾಡು ಕಡಿದು, ಸುಟ್ಟು, ಎರಡು ಮೂರು ವರ್ಷ ರಾಗಿ ಬಿತ್ತಿ, ಮುಂದಿನ ತುಂಡಿಗೆ ಹೋಗುವ ಕ್ರಮ ಅದು. 1801ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಕುಮರಿಯನ್ನೂ ಕಂಡ, ಮೆಣಸಿನ ಬಳ್ಳಿ ಹಬ್ಬಿದ ಕಾನುಗಳನ್ನೂ ಕಂಡ. 19ನೇ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷರು ಕುಮರಿಯನ್ನು ಹತ್ತಿಕ್ಕಿದರು. ಆದರೆ ಬಯಲಾದ ಗುಡ್ಡಕ್ಕೆ ಬಿಡುವು ಸಿಗಲಿಲ್ಲ. ಎಳೆ ಹುಲ್ಲಿಗಾಗಿ ಪ್ರತಿ ಬೇಸಗೆ ಬೆಂಕಿ, ಮಳೆಗಾಲವಿಡೀ ದನ, ತೋಟಕ್ಕಾಗಿ ಸೊಪ್ಪಿನ ಕೊಯ್ಲು. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಎಂಬ ಉತ್ತರ ಕನ್ನಡದ ಏರ್ಪಾಟು ನಿಮಗೆ ಗೊತ್ತಿರುವುದೇ. ಅದು ಒಳ್ಳೆಯ ಏರ್ಪಾಟು. ಮರವನ್ನು ಕೊಲ್ಲದೆ ಟೊಂಗೆ ಸವರಿದವರ ಬೆಟ್ಟಗಳು ಇಂದಿಗೂ ಹಸಿರಾಗಿವೆ. ಹಳೆ ಮರ ಬಿದ್ದಾಗ ಅದರ ಜಾಗಕ್ಕೆ ಎಳೆಯದೊಂದನ್ನು ಏಳಲು ಬಿಡದವರ ಬೆಟ್ಟಗಳೇ ಬ್ಯಾಣವಾದವು.

ಈಗ ಅಂಥ ಬ್ಯಾಣದೊಳಗೆ ಇಳಿದು ನೋಡಬೇಕು. ಹುಲ್ಲಿನ ಸಂದಿಯಲ್ಲಿ ಮೊಣಕಾಲೆತ್ತರದ ಕೌಲು, ಮತ್ತಿ, ಹೊನ್ನೆ, ನೆಲ್ಲಿ ಸಿಗುತ್ತವೆ. ಎಳೆಯ ಸಸಿಯಂತೆ ಕಾಣುವ ಇವುಗಳಲ್ಲಿ ಎಷ್ಟೋ ಎಳೆಯವಲ್ಲ. ಪ್ರತಿ ವರ್ಷ ಬೆಂಕಿಗೆ ತಲೆ ಸುಟ್ಟುಕೊಂಡು, ಮಳೆಗೆ ಬುಡದಿಂದ ಮತ್ತೆ ಚಿಗುರಿ, ಮತ್ತೆ ಸುಟ್ಟುಕೊಂಡವು. ಮೇಲಿನ ಕಡ್ಡಿಗೆ ಒಂದು ವರ್ಷವಾದರೆ ಕೆಳಗಿನ ಬೇರಿಗೆ ಹತ್ತಾರು ವರ್ಷ ಆಗಿರಬಹುದು. ನರ್ಸರಿಯ ಪ್ಲಾಸ್ಟಿಕ್ ಚೀಲದಿಂದ ಬಂದ ಸಸಿ ಮೊದಲ ಬೇಸಗೆಯಲ್ಲೇ ನೀರಿಲ್ಲದೆ ಬಾಡುವಲ್ಲಿ, ಈ ಬೇರು ಆಳದ ತೇವ ಹಿಡಿದು ನಿಂತಿರುತ್ತದೆ. ಬೆಂಕಿ ನಾಲ್ಕೈದು ವರ್ಷ ತಪ್ಪಿದರೆ ಇದು ಹುಲ್ಲಿನ ಎತ್ತರ ದಾಟುತ್ತದೆ, ತೊಗಟೆ ದಪ್ಪವಾಗುತ್ತದೆ. ಆಮೇಲೆ ಸಣ್ಣ ಬೆಂಕಿ ಬಂದರೂ ಬದುಕುತ್ತದೆ. ಇಂಥ ಗಿಡಗಳ ನಡುವೆಯೇ ಗುಂಡಿ ತೋಡಿ, ಗುಂಡಿಯ ಸುತ್ತ ‘ಸ್ವಚ್ಛ’ ಮಾಡುವ ಭರದಲ್ಲಿ ಅವನ್ನೇ ಸವರಿ, ಅಲ್ಲಿ ಹೊಸ ಸಸಿ ನೆಡುವುದಕ್ಕಿಂತ ದುಬಾರಿಯಾದ ತಪ್ಪು ಬೇರೊಂದಿಲ್ಲ.

ಬೇರಿನಿಂದ ಏಳುವ ಮರಗಳದ್ದು ಅರ್ಧ ಕತೆ. ಕಾನಿನ ನಿತ್ಯಹರಿದ್ವರ್ಣದ ಮರಗಳು ಬೀಜದಿಂದಲೇ ಬರಬೇಕು, ಆ ಬೀಜಕ್ಕೆ ಬಯಲು ಹುಲ್ಲಿನಲ್ಲಿ ಬಾಳು ಕಷ್ಟ. ಬಿಸಿಲಿನ ಝಳ ಒಂದು ಕಡೆ, ದಟ್ಟ ಹುಲ್ಲಿನ ಬೇರಿನ ಪೈಪೋಟಿ ಇನ್ನೊಂದು ಕಡೆ. ಮಟ್ಟಿಯ ಬೆಲೆ ಇಲ್ಲಿದೆ. ಕವಳಿ, ಕುಂಟುನೇರಳೆ, ನೆಕ್ಕರಿಕ, ಕೇಪಳ, ಇವುಗಳ ಹಣ್ಣಿಗೆ ಪಿಕಳಾರ ಬರುತ್ತದೆ, ಕುಟ್ರು ಬರುತ್ತದೆ, ರಾತ್ರಿ ಪುನುಗುಬೆಕ್ಕು ಬರುತ್ತದೆ. ಕೂತಲ್ಲಿ, ನಿಂತಲ್ಲಿ ಕಾನಿನ ಬೀಜ ಉದುರಿಸುತ್ತವೆ. ಪೊದೆಯ ನೆರಳಲ್ಲಿ ಹುಲ್ಲು ತೆಳುವಾಗುತ್ತದೆ, ದರಕು ಸೇರಿ ಮಣ್ಣು ತಂಪಾಗುತ್ತದೆ, ಮುಳ್ಳಿನ ನಡುವೆ ಹುಟ್ಟಿದ ಸಸಿಗೆ ದನದ ಬಾಯಿ ಎಟಕುವುದಿಲ್ಲ. ಮುಳ್ಳಿನ ಈ ಉಪಕಾರಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷ್ಯವಿದೆ. ಉತ್ತರ ಕನ್ನಡದ ಬಿದಿರು ಕ್ಷೀಣಿಸುತ್ತಿದ್ದ ಕಾರಣವನ್ನು 1970ರ ದಶಕದಲ್ಲಿ ಪರಿಶೀಲಿಸಿದ ಮಾಧವ ಗಾಡ್ಗೀಳ್, ಮೆಳೆಗಳ ಬುಡದ ಮುಳ್ಳನ್ನು ಸವರಿ ಚೊಕ್ಕ ಮಾಡುತ್ತಿದ್ದುದರಿಂದ ಎಳೆ ಕಳಲೆ ದನಕ್ಕೂ ಕಾಡುಪ್ರಾಣಿಗಳಿಗೂ ತುತ್ತಾಗುತ್ತಿದೆ ಎಂದು ಕಂಡುಕೊಂಡರು. ಬೆಳವಣಿಗೆಗೆ ಅಡ್ಡಿ ಎಂದು ತಿಳಿದು ತೆಗೆದ ಮುಳ್ಳೇ ಬೆಳವಣಿಗೆಯ ಬೇಲಿಯಾಗಿತ್ತು. ಬ್ಯಾಣದ ಮಟ್ಟಿಯನ್ನು ‘ಜಂಗಲ್ ಕಟಿಂಗ್’ ಹೆಸರಿನಲ್ಲಿ ಸವರುವಾಗ ಇದು ನೆನಪಿರಲಿ.

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ, ಗ್ವಾನಕಾಸ್ಟೆ ಎಂಬ ಸೀಮೆಯಲ್ಲಿ, ದನಗಳಿಗಾಗಿ ಕಾಡು ಕಡಿದು ಆಫ್ರಿಕದ ಎತ್ತರದ ಹುಲ್ಲು ಬೆಳೆಸಿದ್ದರು. ಅದು ವರ್ಷವರ್ಷವೂ ಉರಿಯುತ್ತಿತ್ತು. 1980ರ ದಶಕದ ಮಧ್ಯಭಾಗದಿಂದ ಡೇನಿಯಲ್ ಜಾನ್ಜೆನ್ ಎಂಬ ಜೀವವಿಜ್ಞಾನಿ ಮತ್ತು ಅಲ್ಲಿನ ಊರವರು ಸೇರಿ ಮುಖ್ಯವಾಗಿ ಮಾಡಿದ್ದು ಬೆಂಕಿ ತಡೆಯುವ ಕೆಲಸ. ಅಂದು ಹುಲ್ಲಿದ್ದ ವಿಶಾಲ ಪ್ರದೇಶದಲ್ಲಿ ಇಂದು ಕಾಡು ನಿಂತಿದೆ. ಫಿಲಿಪೀನ್ಸಿನಲ್ಲಿ ನಮ್ಮ ದರ್ಭೆಯ ಜಾತಿಯ ಹುಲ್ಲು ಗುಡ್ಡಗಳನ್ನೇ ಆವರಿಸಿದೆ. ಅಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಬೊಹೋಲ್ ದ್ವೀಪವೂ ಸೇರಿ ಹಲವೆಡೆ ಸ್ವಾಭಾವಿಕ ಮರುಹುಟ್ಟಿಗೆ ಕೈಜೋಡಿಸುವ ಕ್ರಮವನ್ನು ಪರೀಕ್ಷಿಸಿದರು. ಹುಲ್ಲನ್ನು ಕೊಯ್ದರೆ ಅದು ಮತ್ತಷ್ಟು ಜೋರಾಗಿ ಚಿಗುರುತ್ತದೆಂದು, ಹಲಗೆಗೆ ಹಗ್ಗ ಕಟ್ಟಿ ಕಾಲಿನಿಂದ ತುಳಿದು ಹುಲ್ಲನ್ನು ಮಲಗಿಸಿದರು. ಮಲಗಿದ ಹುಲ್ಲಿನ ನಡುವೆ ಕಾಡುಗಿಡಕ್ಕೆ ಬೆಳಕು ಸಿಕ್ಕಿತು, ಬೆಂಕಿಯ ಉರುಬೂ ತಗ್ಗಿತು. ಖರ್ಚು, ಸಸಿ ನೆಟ್ಟು ಬೆಳೆಸುವುದರ ಸುಮಾರು ಅರ್ಧ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಉಷ್ಣವಲಯದ 133 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2017ರ ಒಂದು ವಿಶ್ಲೇಷಣೆ, ತಾನಾಗಿ ಎದ್ದ ಕಾಡು ನೆಟ್ಟ ಕಾಡಿಗಿಂತ ಜೀವವೈವಿಧ್ಯದಲ್ಲೂ ರಚನೆಯಲ್ಲೂ ಮೇಲು ಎಂದಿತು. ಮರುವರ್ಷವೇ ಬೇರೆ ವಿಜ್ಞಾನಿಗಳು ಇದನ್ನು ಪ್ರಶ್ನಿಸಿದರು: ತಾನಾಗಿ ಕಾಡು ಎದ್ದ ಜಾಗಗಳನ್ನೇ ಆರಿಸಿ ಅಳೆದರೆ ಫಲ ಚೆನ್ನಾಗಿಯೇ ಕಾಣುತ್ತದೆ, ಏಳದೆ ಹೋದ ಜಾಗಗಳು ಲೆಕ್ಕಕ್ಕೇ ಬರುವುದಿಲ್ಲ ಎಂದರು. ಈ ಆಕ್ಷೇಪ ನ್ಯಾಯವಾದದ್ದು. ಎಲ್ಲ ಬ್ಯಾಣವೂ ತಾನಾಗಿ ಕಾಡಾಗುತ್ತದೆ ಎಂದು ನಾನು ಹೇಳುವುದಿಲ್ಲ. ಕಾನು ದೂರವಿದ್ದು, ನೆಲದಲ್ಲಿ ಬೇರೂ ಸತ್ತಿದ್ದು, ಮೇಲ್ಮಣ್ಣು ಕೊಚ್ಚಿಹೋದ ಕಡೆ ಕಾದು ಕೂತರೆ ಬರುವುದು ಕಡಿಮೆ. ರಾಮಪತ್ರೆಯಂಥ ದೊಡ್ಡ ಬೀಜದ ಮರಗಳ ಬೀಜ ಒಣಗಿದರೆ ಸತ್ತೇಹೋಗುತ್ತದೆ. ಅದನ್ನು ನುಂಗಿ ಒಯ್ಯುವ ಮಂಗಟ್ಟೆಯಂಥ ಹಕ್ಕಿ ಬಾರದ ಗುಡ್ಡಕ್ಕೆ ಅದು ಕಾಲುನಡಿಗೆಯಲ್ಲಿ ಬರಲಾರದು. ಅಂಥ ಜಾತಿಗಳನ್ನು ಮಟ್ಟಿಯ ನೆರಳು ಸಿದ್ಧವಾದ ಮೇಲೆ ನಾವೇ ಒಯ್ದು ನೆಡಬೇಕು. ನೆಡುವುದಕ್ಕೆ ನನ್ನ ವಿರೋಧವಿಲ್ಲ, ನೋಡದೆ ನೆಡುವುದಕ್ಕೆ ಇದೆ.

ನೋಡದೆ ನೆಟ್ಟದ್ದರ ಫಲ ನಿಮ್ಮ ಕಣ್ಣೆದುರೇ ನಿಂತಿದೆ. 1983ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಶುರುವಾದ ಸಾಮಾಜಿಕ ಅರಣ್ಯ ಯೋಜನೆ, ಅದರ ಹಿಂದೆ ಬಂದ ಯೋಜನೆಗಳು, ಆಸ್ಟ್ರೇಲಿಯ ಮೂಲದ ಅಕೇಶಿಯಾವನ್ನು ಕರಾವಳಿಯಿಂದ ಘಟ್ಟದ ಮೇಲಿನವರೆಗೂ ಹರಡಿದವು. ದನ ಮುಟ್ಟುವುದಿಲ್ಲ, ಬೇಗ ಬೆಳೆಯುತ್ತದೆ, ಸೌದೆ ಸಿಗುತ್ತದೆ ಎಂಬ ಕಾರಣಗಳು ಸುಳ್ಳಲ್ಲ. ಸೌದೆಗಾಗಿ ಕಾನಿಗೆ ಹೋಗುವ ಕೊಡಲಿಯನ್ನು ಅದು ಸ್ವಲ್ಪವಾದರೂ ತಡೆದಿದೆ. ಆದರೆ ಅದರ ಎಲೆ ಬೇಗ ಕೊಳೆಯುವುದಿಲ್ಲ, ಕೊಟ್ಟಿಗೆಗೆ ಹಾಸಲು, ಗೊಬ್ಬರ ಮಾಡಲು ಯಾವ ತೋಟಿಗರೂ ಅದನ್ನು ಮೆಚ್ಚುವುದಿಲ್ಲ. ಹಕ್ಕಿಗೆ ಬೇಕಾದ ಮಾಂಸಲ ಹಣ್ಣಿಲ್ಲ. 1983ರ ಸೆಪ್ಟೆಂಬರಿನಲ್ಲೇ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತದ್ದು ಇಂಥ ಏಕಜಾತಿ ತೋಪುಗಳಿಗಾಗಿ ನೈಸರ್ಗಿಕ ಕಾಡನ್ನು ಬಲಿಕೊಡಬಾರದೆಂದೇ. ಅಕೇಶಿಯಾ ಈಗಾಗಲೇ ಇರುವ ಕಡೆ, ಕಾನಿನ ಅಂಚಿಗೆ ತಾಗಿದ ತೋಪುಗಳ ಕೆಳಗೆ ಕಾಡುಗಿಡಗಳು ಎದ್ದಿದ್ದರೆ ಕಟಾವಿನ ಹೊತ್ತಿಗೆ ಅವನ್ನು ತುಳಿಯದಂತೆ ಮರ ಬೀಳಿಸಿ. ಅಲ್ಲಿ ಮತ್ತೆ ಅಕೇಶಿಯಾ ಬೇಡ.

ಇಷ್ಟು ಹೇಳಿದ ಮೇಲೆ ತೀರ ಮುಖ್ಯವಾದ ಎಚ್ಚರಿಕೆಯೊಂದನ್ನು ಹೇಳಲೇಬೇಕು. ಎಲ್ಲ ಹುಲ್ಲುಗಾವಲೂ ಕೆಟ್ಟ ಕಾಡಲ್ಲ. ಕುದುರೆಮುಖ, ಬಾಬಾಬುಡನ್‌ಗಿರಿಯ ನೆತ್ತಿಯ ಹುಲ್ಲು, ಅದರ ಮಡಿಲಿನ ಶೋಲಾ ಕಾಡು, ಇವೆರಡೂ ಜೊತೆಯಾಗಿಯೇ ಬಂದವು. ನೀಲಗಿರಿಯ ಜೌಗು ಮಣ್ಣಿನ ಇಂಗಾಲವನ್ನು ಪರೀಕ್ಷಿಸಿ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ, ಅಲ್ಲಿನ ಹುಲ್ಲಿಗೆ ಸುಮಾರು 20,000 ವರ್ಷಗಳ ಇತಿಹಾಸವಿದೆ ಎಂದು ತೋರಿಸಿತು. ಮನುಷ್ಯ ಕಾಡು ಕಡಿದು ಮಾಡಿದ ಹುಲ್ಲು ಅದಲ್ಲ. ರಾಣೆಬೆನ್ನೂರಿನ ಸುತ್ತಲಿನ ಬಯಲುಸೀಮೆಯ ಕುರುಚಲು ಹುಲ್ಲು ಕೃಷ್ಣಮೃಗದ ಮನೆ. ಅಲ್ಲಿ ನೀಲಗಿರಿ ಮರ ನೆಟ್ಟದ್ದು ಬಯಲನ್ನೇ ನಂಬಿದ ಪ್ರಾಣಿಪಕ್ಷಿಗಳಿಗೆ ಮಾಡಿದ ಅನ್ಯಾಯ. ಕರಾವಳಿಯ ಭಟ್ಕಳದಂಥ ಕಡೆಯ ಮುರಕಲ್ಲಿನ ಹಾಸುಗಳು ಬೇಸಗೆಯಲ್ಲಿ ಬೋಳಾಗಿ ಕಂಡರೂ ಮಳೆಗಾಲದಲ್ಲಿ ಬೇರೆಲ್ಲೂ ಸಿಗದ ಪುಟ್ಟ ಹೂಗಿಡಗಳಿಂದ ತುಂಬುತ್ತವೆ. ಅಲ್ಲಿ ಗುಂಡಿ ತೋಡುವುದಿರಲಿ, ಮಣ್ಣು ಸುರಿಯುವುದೂ ಹಾನಿಯೇ. ವ್ಯತ್ಯಾಸ ತಿಳಿಯುವುದು ಹೇಗೆ? ಹುಲ್ಲಿನ ನಡುವೆ ಚಿಗುರುವ ಬೊಡ್ಡೆಗಳಿವೆಯೇ, ಮಣ್ಣು ಆಳವಾಗಿದೆಯೇ, ಕಾನಿನ ಅಂಚು ಹತ್ತಿರವಿದೆಯೇ, ಅಲ್ಲಿ ಮರವಿತ್ತೆಂದು ಊರಿನ ಹಿರಿಯರು ಹೇಳುತ್ತಾರೆಯೇ, ಹಳೆ ಕಾಗದಪತ್ರ ಹೇಳುತ್ತದೆಯೇ ಎಂದು ಪರಿಶೀಲಿಸಿ. ಇವಕ್ಕೆಲ್ಲ ಇಲ್ಲವೆಂಬ ಉತ್ತರ ಬಂದರೆ ಆ ಹುಲ್ಲನ್ನು ಹುಲ್ಲಾಗಿಯೇ ಬಿಡಿ.

ದನ ಎಲ್ಲಿ ಮೇಯಬೇಕು ಎಂದು ನೀವು ಕೇಳುತ್ತೀರಿ. ಕೇಳಬೇಕಾದದ್ದೇ. ಬ್ಯಾಣ ಬರಿಯ ಮೇವಿನ ಜಾಗವಲ್ಲ, ಒಣಹುಲ್ಲಾದ ಕರಡ ಕೊಯ್ಯುವ ಜಾಗವೂ ಹೌದು, ತೋಟವಿಲ್ಲದವರಿಗೂ ದನ ಕಟ್ಟಿಕೊಳ್ಳಲು ಅವಕಾಶ ಕೊಟ್ಟ ಜಾಗ. ಅದನ್ನು ಒಂದೇ ಏಟಿಗೆ ಮುಚ್ಚಿದರೆ ಬೆಟ್ಟದ ಹಕ್ಕಿಲ್ಲದ ಮನೆಗಳಿಗೇ ಮೊದಲ ಪೆಟ್ಟು ಬೀಳುತ್ತದೆ. ಹೀಗಾಗಿ ಇಡೀ ಬ್ಯಾಣಕ್ಕೆ ಬೇಲಿ ಹಾಕಬೇಡಿ. ಸಮತಟ್ಟಾದ, ಹುಲ್ಲು ಹುಲುಸಾದ ಭಾಗ ಮೇವಿಗಿರಲಿ. ಕಾನಿಗೆ ತಾಗಿದ ಕಡಿದಾದ ಇಳಿಜಾರನ್ನೂ ಹಳ್ಳದ ನೆತ್ತಿಯನ್ನೂ ಕಾಪು ಬಿಡಿ, ಅಂದರೆ ದನ, ಬೆಂಕಿ ಬಾರದಂತೆ ಕಾಯ್ದುಕೊಳ್ಳಿ. ಕಾಪು ಬಿಟ್ಟ ಕಡೆಯ ಹುಲ್ಲನ್ನೂ ಕೊಯ್ದು ಒಯ್ಯಬಹುದು, ಕೊಯ್ಯುವವರು ಕಾಡುಗಿಡಕ್ಕೆ ಕತ್ತಿ ತಾಗಿಸದಿದ್ದರಾಯಿತು. ಕೊಯ್ದಷ್ಟೂ ಬೆಂಕಿಗೆ ಸಿಗುವ ಕರಡ ಕಡಿಮೆ. ಗ್ವಾನಕಾಸ್ಟೆಯಲ್ಲೂ ಮೊದಲ ವರ್ಷಗಳಲ್ಲಿ ದನಗಳನ್ನು ಉಳಿಸಿಕೊಂಡು, ಎತ್ತರದ ಹುಲ್ಲನ್ನು ತಿನ್ನಿಸಿ, ಬೆಂಕಿಯ ಭಯ ತಗ್ಗಿಸಿದ್ದರು. ಮಲೆನಾಡು ಗಿಡ್ಡಗಳ ಹಿಂಡು ಮೊದಲಿನಷ್ಟಿಲ್ಲದ, ದನ ಕಾಯುವವರೇ ಸಿಗದ ಈ ಕಾಲದಲ್ಲಿ ಒಂದು ಪಾಲನ್ನು ಬಿಟ್ಟುಕೊಡುವುದು ಹಿಂದಿಗಿಂತ ಸುಲಭ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮಂಗನ ಕಾಯಿಲೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಈ ರೋಗ ಇಂದಿಗೂ ಮಲೆನಾಡಿನ ಮನೆಗಳಿಂದ ಜನರನ್ನು ಒಯ್ಯುತ್ತಿದೆ. ಮಟ್ಟಿ ಹೆಚ್ಚಿದರೆ ಈ ರೋಗ ಹರಡುವ ಉಣುಗು ಹೆಚ್ಚುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಅದನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಕಾಡು ತುಂಡುತುಂಡಾಗಿ ತೋಟ, ಗದ್ದೆ, ಮನೆಗಳ ನಡುವೆ ಹೆಣೆದುಕೊಂಡ ಕಡೆ, ದನ ಮತ್ತು ಜನ ದಿನವೂ ಅದರೊಳಗೆ ಓಡಾಡುವ ಕಡೆ ಅಪಾಯ ಹೆಚ್ಚೆಂಬುದು ಇತ್ತೀಚಿನ ಅಧ್ಯಯನಗಳ ಸೂಚನೆ. ಬೆಳೆದ ಉಣುಗಿಗೆ ದನ ದೊಡ್ಡ ಆಸರೆ ಎಂಬುದೂ ತಿಳಿದದ್ದೇ. ಇದರಿಂದ ಹೊರಡುವ ದಾರಿ ಸ್ಪಷ್ಟ: ಮನೆ, ಕೊಟ್ಟಿಗೆ, ಶಾಲೆ, ಕಾಲುದಾರಿಯ ಪಕ್ಕದ ಚೂರುಪಾರು ಜಾಗಗಳಲ್ಲಿ ಮಟ್ಟಿ ಬೆಳೆಸಬೇಡಿ. ಊರಿಂದ ದೂರದ, ದೊಡ್ಡ ಕಾನಿಗೆ ಅಂಟಿಕೊಂಡ ಒಂದೇ ತುಂಡನ್ನು ಆರಿಸಿ. ಡಿಸೆಂಬರಿನಿಂದ ಮೇ ತನಕ ಅಲ್ಲಿಗೆ ದನವನ್ನೂ ಸೊಪ್ಪಿಗೆ ಜನರನ್ನೂ ಕಳಿಸಬೇಡಿ. ರೋಗ ಕಾಣಿಸಿಕೊಂಡ ಊರಿನಲ್ಲಿ ಆರೋಗ್ಯ ಇಲಾಖೆಯವರ ಮಾತು ಕೇಳಿ, ಬೇಕಾದರೆ ಈ ಕೆಲಸವನ್ನೇ ಮುಂದೂಡಿ. ಹಂದಿಯ ಕಾಟಕ್ಕೂ ಹೆಚ್ಚುಕಡಿಮೆ ಇದೇ ಉತ್ತರ: ಗದ್ದೆತೋಟದ ಅಂಚಿನ ಪಟ್ಟಿ ಬಯಲಾಗಿರಲಿ. ಕಾಡು ಬೆಳೆದರೆ ಪ್ರಾಣಿ ಊರಿಗೆ ಬರುವುದೇ ನಿಲ್ಲುತ್ತದೆ ಎಂಬ ಭರವಸೆಯನ್ನು ಮಾತ್ರ ನಾನು ಕೊಡಲಾರೆ.

ಮೇಲೇಳುವುದು ಕಾಡುಮಟ್ಟಿಯಲ್ಲ, ಲಂಟಾನ ಮತ್ತು ಯುಪಟೋರಿಯಂ ಎನ್ನುವವರೂ ಇದ್ದಾರೆ. ನ್ಯೂಜಿಲೆಂಡಿನ ಬ್ಯಾಂಕ್ಸ್ ಪರ್ಯಾಯದ್ವೀಪದಲ್ಲಿ ಹಿನೆವೈ ಎಂಬ ರಕ್ಷಿತ ಜಾಗವಿದೆ. 1987ರಲ್ಲಿ ಅದರ ಹೊಣೆ ಹೊತ್ತ ಹ್ಯೂ ವಿಲ್ಸನ್, ಯುರೋಪಿನಿಂದ ಬಂದು ಗುಡ್ಡವನ್ನೇ ಮುಚ್ಚಿದ್ದ ಗೋರ್ಸ್ ಎಂಬ ಮುಳ್ಳುಪೊದೆಯನ್ನು ಕಡಿಯದೆ ಬಿಟ್ಟರು. ಅದರ ನೆರಳಲ್ಲಿ ಅಲ್ಲಿನ ಮರಗಳು ಹುಟ್ಟಿ, ಮೇಲೆದ್ದು, ಗೋರ್ಸನ್ನೇ ನೆರಳಿಟ್ಟು ಕೊಂದವು. ಇದನ್ನು ಹಾಗೆಯೇ ಇಲ್ಲಿಗೆ ತರುವುದು ಸರಿಯಲ್ಲ. ಲಂಟಾನ ಎಳೆ ಮರದ ತಲೆಯ ಮೇಲೂ ಹತ್ತುತ್ತದೆ, ಒಣಗಿದರೆ ಉರಿಯುತ್ತದೆ. ಆದರೂ ಇಡೀ ಗುಡ್ಡದ ಕಳೆಯನ್ನು ಬುಡಸಹಿತ ಕೀಳಿಸಿದರೆ ಬಯಲಾದ ಮಣ್ಣಿನಲ್ಲಿ ಅದೇ ಕಳೆ ಎರಡರಷ್ಟಾಗಿ ಬರುತ್ತದೆ. ಕಾಡುಗಿಡ ಕಂಡಲ್ಲಿ ಅದರ ಸುತ್ತ ಒಂದು ಮಾರು ಮಾತ್ರ ಬಿಡಿಸಿ, ಉಳಿದದ್ದನ್ನು ನೆರಳಿಗೆ ಬಿಡಿ. ನೆರಳು ಕವಿದಂತೆ ಯುಪಟೋರಿಯಂ ತಾನೇ ಸೊರಗುತ್ತದೆ. ಲಂಟಾನಕ್ಕೆ ಮಾತ್ರ ವರ್ಷವರ್ಷವೂ ಕೈ ಹಾಕಲೇಬೇಕು.

ಕೊನೆಯದು ಕಾಲದ ಪ್ರಶ್ನೆ. ಮುಖ್ಯವಾಗಿ ಅಮೆರಿಕ ಖಂಡಗಳ ಉಷ್ಣವಲಯದಲ್ಲಿ ಮರುಹುಟ್ಟಿದ ಕಾಡುಗಳ ಮೇಲೆ ನಡೆದ ದೊಡ್ಡ ಅಧ್ಯಯನಗಳ ಪ್ರಕಾರ ಹಳೆ ಕಾಡಿನ ತೂಕದ ಶೇ. 90ರಷ್ಟನ್ನು ಮರಳಿ ಪಡೆಯಲು ನಡುಮಟ್ಟದ ಲೆಕ್ಕದಲ್ಲಿ 66 ವರ್ಷ ಬೇಕು, ಜಾತಿಗಳ ಕೂಟ ಮೊದಲಿನಂತಾಗಲು 120 ವರ್ಷಕ್ಕೂ ಹೆಚ್ಚು. ಆದರೆ ಅದೇ ಅಧ್ಯಯನಗಳು ಮಣ್ಣಿನ ಗುಣ ಹತ್ತು ವರ್ಷದೊಳಗೇ ಚೇತರಿಸಿಕೊಳ್ಳಬಲ್ಲದು ಎಂದೂ ಹೇಳುತ್ತವೆ. ಹಳ್ಳದ ನೀರಿಗೆ, ಸೊಪ್ಪಿಗೆ, ಜೇನಿಗೆ ಕಾಯುವವರು ಮೊಮ್ಮಕ್ಕಳ ಕಾಲದವರೆಗೆ ಕಾಯಬೇಕಿಲ್ಲ. ತೊಡಕಿರುವುದು ನಮ್ಮ ಲೆಕ್ಕದ ಪುಸ್ತಕದಲ್ಲಿ. 1950ರಲ್ಲಿ ವನಮಹೋತ್ಸವ ಶುರುವಾದಂದಿನಿಂದ ನಾವು ನೆಟ್ಟ ಸಸಿಯನ್ನು ಎಣಿಸುತ್ತ ಬಂದಿದ್ದೇವೆ, ಬದುಕಿದ ಮರವನ್ನಲ್ಲ. ಕಾಪು ಬಿಟ್ಟ ಗುಡ್ಡಕ್ಕೆ ಗುಂಡಿಯ ಲೆಕ್ಕವಿಲ್ಲ, ಉದ್ಘಾಟನೆಯಿಲ್ಲ. ಅದನ್ನು ಹಾಳುಬಿಟ್ಟ ಜಾಗವೆಂದು ತಿಳಿದು ಒತ್ತುವರಿ ಮಾಡುವವರೂ ಇರುತ್ತಾರೆ. ಹೀಗಾಗಿ ಕಾಪಿನ ಜಾಗದ ಗಡಿಯನ್ನು ಕಲ್ಲು ನೆಟ್ಟು ಗುರುತಿಸಿ, ಸಮಿತಿಯ ನಡಾವಳಿಯಲ್ಲಿ ಬರೆಸಿ, ಸೂಕ್ಷ್ಮ ಯೋಜನೆಯಲ್ಲಿ ಸೇರಿಸಿ. ಇಲಾಖೆ ಸಸಿಗೆ ಕೊಡುವ ಹಣದ ಒಂದು ಭಾಗವನ್ನು ಬೆಂಕಿ ಕಾವಲಿನ ಕೂಲಿಗೆ ಕೊಡಬೇಕೆಂದು ಒಟ್ಟಾಗಿ ಕೇಳಿ. ಇಲಾಖೆಯ ಯೋಜನೆಗಳಲ್ಲಿ ನೈಸರ್ಗಿಕ ಪುನರುತ್ಪತ್ತಿಗೆ ನೆರವು ಎಂಬ ಬಾಬತ್ತು ಇದ್ದೇ ಇದೆ, ಕೇಳುವವರು ಕಡಿಮೆ.

ಈ ವರ್ಷ ನಿಮ್ಮಲ್ಲಿ ನಾನು ಕೋರುವುದು ಇಷ್ಟು. ಮಳೆಗಾಲ ಮುಗಿದ ಮೇಲೆ ಒಂದು ಬ್ಯಾಣವನ್ನು ಆರಿಸಿ, ಹತ್ತು ಹೆಜ್ಜೆ ಉದ್ದ ಹತ್ತು ಹೆಜ್ಜೆ ಅಗಲದ ಹಲವು ಚೌಕಗಳಲ್ಲಿ ಏನೇನು ಕಾಡುಗಿಡಗಳಿವೆಯೆಂದು ಹೆಸರು ಸಹಿತ ಎಣಿಸಿ. ಈ ಎಣಿಕೆಗೆ ಸೊಪ್ಪು ಕೊಯ್ಯುವ ಹೆಂಗಸರನ್ನೂ ದನ ಕಾಯುವವರನ್ನೂ ಕರೆಯಿರಿ, ಚಿಗುರು ನೋಡಿ ಗಿಡದ ಹೆಸರು ಹೇಳಬಲ್ಲವರು ಅವರು. ಪ್ರತಿ ಗಿಡದ ಪಕ್ಕ ಒಂದು ಕೋಲು ನೆಡಿ. ಕರಡ ಪೂರ್ತಿ ಒಣಗುವ ಮೊದಲು, ಡಿಸೆಂಬರಿನೊಳಗೆ, ಆ ಜಾಗದ ಸುತ್ತ ಮೂರು ಮಾರು ಅಗಲಕ್ಕೆ ಹುಲ್ಲು ಹೆರೆದು ಬೆಂಕಿ ಗಡಿ ತೆಗೆಯಿರಿ. ಮುಂಗಾರು ಹಿಡಿಯುವ ತನಕ ಇಬ್ಬರನ್ನು ಕಾವಲಿಗೆ ನೇಮಿಸಿ. ಮರುವರ್ಷ ಅದೇ ಚೌಕಗಳಲ್ಲಿ ಮತ್ತೆ ಎಣಿಸಿ, ಎರಡು ಎಣಿಕೆಗಳನ್ನೂ ಸಮಿತಿಯ ಸಭೆಯಲ್ಲಿ ಎಲ್ಲರೆದುರು ಓದಿ, ಆ ವರ್ಷ ಎಷ್ಟು ಸಸಿ ಬೇಕೆಂಬುದನ್ನು ಆಮೇಲೆ ತೀರ್ಮಾನಿಸಿ.

ಇತಿ,
ನಿಮ್ಮ ವಿಶ್ವಾಸಿ